ತಿಜೋರಿ ಕದಿಯಲು ಹೋದ ಹೆಣ

ದಾವಣಗೆರೆ ಆಗಷ್ಟೇ ಜಿಲ್ಲೆಯಾಗಿತ್ತು. ಹೊಸ ಜಿಲ್ಲೆಗೆ ಏನಾದರೂ ಹೊಸದನ್ನು ಕೊಡಬೇಕೆಂಬ ಹಂಬಲ ಎಲ್ಲರಲ್ಲೂ ಇತ್ತು. ಕೆಲವರು ರಸ್ತೆ ಕೊಡುವುದಾಗಿ ಹೇಳಿದರು. ಕೆಲವರು ಭಾಷಣ ಕೊಟ್ಟರು. ನಾನು ನಾಟಕ ಕೊಡಲು ನಿರ್ಧರಿಸಿದೆ.

ಹರಿಹರದಲ್ಲಿ ಹವ್ಯಾಸಿ ತಂಡಗಳ ನಾಟಕ ಸ್ಪರ್ಧೆ ಇತ್ತು. ನಮ್ಮ ಕಚೇರಿಯ ಗೆಳೆಯರೆಲ್ಲ ರಾಜ, ಮಂತ್ರಿ, ಅತ್ತೆ, ಸೊಸೆ ಎಂದು ಹಳೆಯ ಜಾಡಿನಲ್ಲೇ ಯೋಚಿಸುತ್ತಿದ್ದಾಗ ನಾನು ಎದ್ದು ನಿಂತು, "ಹೆಣಗಳ ನಾಟಕ ಮಾಡೋಣ" ಎಂದೆ. ವಿಡಿಯೋ ಪಾರ್ಲರಿನಲ್ಲಿ ಅಂಥದೊಂದು ಇಂಗ್ಲಿಷ್ ಸಿನಿಮಾ ನೋಡಿದ್ದೆ. ಪೂರ್ತಿ ನೋಡಿರಲಿಲ್ಲ, ಅರ್ಧಕ್ಕೇ ಕರೆಂಟು ಹೋಗಿತ್ತು. ಉಳಿದರ್ಧವನ್ನು ನಾನೇ ಬರೆದೆ.

ಕಥೆ ಇಷ್ಟು. ಊರಿನ ಸತ್ತವರೆಲ್ಲ ಎದ್ದು ಬೀದಿಗೆ ಬರುತ್ತಾರೆ. ಬದುಕಿದ್ದವರು ಊರು ಬಿಟ್ಟು ಓಡುತ್ತಾರೆ. ಕಾವಲಿಲ್ಲದ ಬ್ಯಾಂಕಿಗೆ ಕಳ್ಳರು ನುಗ್ಗುತ್ತಾರೆ. ತಿಜೋರಿ ಒಡೆಯುವ ಹೊತ್ತಿಗೆ ಹೆಣಗಳು ಬಂದು ಮುತ್ತಿಕೊಳ್ಳುತ್ತವೆ. ರಚನೆ ನನ್ನದು, ನಿರ್ದೇಶನ ನನ್ನದು, ಮುಖ್ಯ ಹೆಣವೂ ನಾನೇ!

"ಇಂಗ್ಲಿಷಿನಲ್ಲಿ ಇವಕ್ಕೆ ಝಾಂಬಿ ಅಂತಾರೆ" ಎಂದು ಹೆಂಡತಿ ಗಿರಿಜಾಗೆ ವಿವರಿಸಿದೆ.

"ಜಂಬಿನೋ ಕೊಂಬಿನೋ. ಸತ್ತೋರಿಗೆ ಬ್ಯಾಂಕಿನಾಗೆ ಏನ್ರೀ ಕೆಲ್ಸ?"

"ಅದು ಸಾಂಕೇತಿಕ."

"ಹಂಗಂದ್ರೆ ನಿಮಗೂ ಗೊತ್ತಿಲ್ಲ ಅನ್ರಿ."

ತಿಜೋರಿಯನ್ನು ರಟ್ಟಿನಲ್ಲಿ ಮಾಡಿ ಬೂದು ಬಣ್ಣ ಬಳಿದಿದ್ದೆವು. ಸ್ಪರ್ಧೆಯ ವಾರದಲ್ಲೇ ನಮ್ಮ ಎರಡನೇ ಹೆಣ, ಗುತ್ತೂರಿನ ಹಾಲೇಶ, ತಾಲೀಮಿನಲ್ಲಿ ಅದರ ಮೇಲೆ ಬಿದ್ದ. ಹಾಲೇಶನದು ಕಾರ್ಖಾನೆಯಲ್ಲಿ ಕಬ್ಬಿಣ ಎತ್ತಿ ಎತ್ತಿ ಬೆಳೆದ ಮೈ. ಅವನು ಮೇಲೆದ್ದಾಗ ನಮ್ಮ ಬ್ಯಾಂಕಿನ ತಿಜೋರಿ ಮಸಾಲೆ ದೋಸೆಯಂತೆ ಮಡಚಿಕೊಂಡಿತ್ತು.

ಆಗ ನನಗೆ ನೆನಪಾದದ್ದು ಹರಿಹರದ ನನ್ನ ಮಾವನವರು. ಅವರು ಹಿಂದೆ ಧಾನ್ಯದ ವ್ಯಾಪಾರ ಮಾಡುತ್ತಿದ್ದಾಗ ಇಟ್ಟುಕೊಂಡಿದ್ದ ಮೊಣಕಾಲೆತ್ತರದ ಕಬ್ಬಿಣದ ತಿಜೋರಿ ಹಿತ್ತಲ ಕೋಣೆಯಲ್ಲಿ ಸುಮ್ಮನೆ ಕುಳಿತಿತ್ತು. ಮರುದಿನವೇ ಹೋಗಿ ವಿನಯದಿಂದ ಕೇಳಿದೆ.

"ಅದರಾಗೆ ನಿಮ್ಮತ್ತೆ ಹಪ್ಪಳ ಇಟ್ಟಾಳ" ಎಂದರು ಮಾವ.

"ಹಪ್ಪಳ ತೆಗೆದಿಟ್ಟು ಒಯ್ತೀನಿ, ಮಾವ."

"ಹಪ್ಪಳದ ಮಾತಲ್ಲ ಅಳಿಯಂದ್ರೆ. ತಿಜೋರಿ ಅಂದ್ರೆ ಲಕ್ಷ್ಮಿ. ಹೊಸ್ತಿಲು ದಾಟಬಾರ್ದು. ಅದೂ ಹೆಣದ ನಾಟಕಕ್ಕಾ? ಬ್ಯಾಡ, ಬಿಡ್ರಿ."

ಅಲ್ಲಿಗೆ ವಿಷಯ ಮುಗಿಯಬೇಕಿತ್ತು. ಆದರೆ ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಊಟದ ನಡುವೆ ಎದ್ದು ಹೋಗಿ ಬೀರುವಿನ ಎತ್ತರ ನೋಡುತ್ತಿದ್ದೆ. ಕಚೇರಿಯಲ್ಲಿ ಕಬ್ಬಿಣದ ಕಪಾಟುಗಳನ್ನು ಅಪ್ಪಿಕೊಂಡು ಅಳೆಯುತ್ತಿದ್ದೆ. ಹೀಗಿರುವಾಗ ಗಿರಿಜಾ ಒಂದು ಮಾತು ಹೇಳಿದಳು. ಭಾನುವಾರ ಅವಳ ತವರಿನವರೆಲ್ಲ ನಂದಿಗುಡಿಗೆ ಹೋಗುತ್ತಾರೆ. ಅಲ್ಲೊಬ್ಬ ಹುಡುಗ ಇದ್ದಾನೆ, ತಂಗಿ ಶೈಲಾಗೆ ಸಂಬಂಧ ನೋಡುತ್ತಿದ್ದಾರೆ. ಮೊದಲು ಹುಡುಗನ ಮನೆ ನೋಡಿಕೊಂಡು ಬರುವುದು. ಅವಳೂ ಬೆಳಿಗ್ಗೆಯೇ ಹರಿಹರಕ್ಕೆ ಹೋಗಿ ಅವರ ಜೊತೆ ಸೇರುತ್ತಾಳೆ.

ಭಾನುವಾರವೇ ನಮ್ಮ ನಾಟಕ! ಮಾವನವರ ಮನೆ ಖಾಲಿ! ಹಿತ್ತಲ ಬಾಗಿಲಿನ ಅಗುಳಿಯನ್ನು ಹೊರಗಿನಿಂದ ಕಡ್ಡಿ ಹಾಕಿ ತೆಗೆಯುವ ವಿದ್ಯೆ ಅಳಿಯನಾದ ನನಗೆ ಗೊತ್ತೇ ಇತ್ತು. ಇದನ್ನು ಕಳ್ಳತನ ಎನ್ನಲು ನನ್ನ ಮನಸ್ಸು ಒಪ್ಪಲಿಲ್ಲ. ತಿಜೋರಿಯ ತಾತ್ಕಾಲಿಕ ಸ್ಥಳಾಂತರ ಎಂದು ಹೆಸರಿಟ್ಟುಕೊಂಡೆ. ಮಧ್ಯಾಹ್ನ ಒಯ್ಯುವುದು, ನಾಟಕ ಮುಗಿದೊಡನೆ ತಂದಿಡುವುದು. ಹಪ್ಪಳಕ್ಕೂ ಗೊತ್ತಾಗುವಂತಿರಲಿಲ್ಲ!

ಭಾನುವಾರ ಬಂತು. ನಮಗೆ ಬಣ್ಣ ಹಚ್ಚುವವರು ರಹಮತ್ ಸಾಹೇಬರು. ವೃತ್ತಿಯಲ್ಲಿ ದರ್ಜಿ, ಪ್ರೀತಿಯಿಂದ ನಾಟಕದ ಮೇಕಪ್. ಸಂಜೆ ಅವರ ನೆಂಟರಲ್ಲಿ ಮದುವೆ ಇದ್ದುದರಿಂದ ಹರಿಹರಕ್ಕೆ ಬರಲಾಗುತ್ತಿರಲಿಲ್ಲ. ದಾವಣಗೆರೆಯ ತಮ್ಮ ಅಂಗಡಿಯಲ್ಲೇ ಮಧ್ಯಾಹ್ನ ನಮ್ಮ ನಾಲ್ವರನ್ನು ಸಾಲಾಗಿ ಕೂರಿಸಿ ಕೊಂದರು. ಮುಖಕ್ಕೆ ಮೈದಾ ಅಂಟು, ಕಣ್ಣಿನ ಸುತ್ತ ಇದ್ದಿಲು, ಬಾಯಂಚಿನಲ್ಲಿ ರಕ್ತ.

"ರಕ್ತ ಸಿಹಿ ಐತಲ್ಲ ಸಾಹೇಬ್ರೆ?" ಎಂದೆ.

"ಬೆಲ್ಲದ ಪಾಕರೀ. ಇಲ್ಲಾಂದ್ರೆ ಖೂನ್ ಗಟ್ಟಿ ಬರಾದಿಲ್ಲ. ನೀವೇನೂ ಫಿಕರ್ ಮಾಡಬ್ಯಾಡ್ರಿ. ಒಂದೇ ಮಾತು. ನಿಮ್ಮ ಮುಖಕ್ಕೆ ದಪ್ಪ ಹಚ್ಚೀನಿ. ಬಾಯಿ ಬಿಟ್ರೆ ಬಿರುಕು ಬಿಡ್ತೈತೆ. ನಾಟಕ ಮುಗಿಯೋತನಕ ಮಾತಾಡಬ್ಯಾಡ್ರಿ."

ಮುಖ್ಯ ಹೆಣಕ್ಕೆ ಹೇಗೂ ಮಾತಿಲ್ಲ. ಒಪ್ಪಿಕೊಂಡೆ. ಮೈದಾ ಒಣಗಿ ಬಿಗಿದುಕೊಂಡಿತು. ಅದರೊಳಗೆ ಕೆರೆತ ಶುರುವಾಯಿತು.

ಬಾಡಿಗೆಯ ಟೆಂಪೋದಲ್ಲಿ ಹೊರಟೆವು. ದಾರಿಯುದ್ದಕ್ಕೂ ನೊಣಗಳು ನಮ್ಮ ರಕ್ತಕ್ಕೆ ಮುತ್ತಿದವು. ನಾನು ಗಡಿಯಾರ ನೋಡುವುದು, ನೊಣ ಓಡಿಸುವುದು, ಕುತ್ತಿಗೆ ಕೆರೆಯುವುದು, ಮತ್ತೆ ಗಡಿಯಾರ ನೋಡುವುದು. ಪಕ್ಕದಲ್ಲಿ ಬಂದ ಬಸ್ಸಿನ ಕಿಟಕಿಯಲ್ಲಿ ಒಬ್ಬ ಅಜ್ಜಿ ನಮ್ಮನ್ನು ನೋಡಿ ಕೈಮುಗಿದು ಕಣ್ಣು ಮುಚ್ಚಿಕೊಂಡರು. ಹಾಲೇಶ ಸೌಜನ್ಯಕ್ಕೆಂದು ನಕ್ಕ. ಬಸ್ಸಿನ ಆ ಬದಿಯ ಕಿಟಕಿಗಳೆಲ್ಲ ಮುಚ್ಚಿದವು.

ಹರಿಹರದಲ್ಲಿ ಮಾವನವರ ಮನೆಯ ಹಿಂದಿನ ಸಂದಿಯಲ್ಲಿ ಟೆಂಪೋ ನಿಲ್ಲಿಸಿದೆವು. ನಾನು ಕಡ್ಡಿ ಹಿಡಿದು ಹಿತ್ತಲ ಬಾಗಿಲಿಗೆ ಹೋದೆ. ಬಾಗಿಲು ತೆರೆದೇ ಇತ್ತು! ಮಾವನವರಿಗೆ ವಯಸ್ಸಾಯಿತು, ಮರೆವು ಎಂದುಕೊಂಡೆ. ಒಳಗೆ ತುಪ್ಪದಲ್ಲಿ ಹುರಿದ ರವೆಯ ಘಮ ಇತ್ತು. ಬೆಳಗಿನ ತಿಂಡಿಯದು ಎಂದುಕೊಂಡೆ. ಅಂದು ನಾನು ಎಲ್ಲದಕ್ಕೂ ಒಂದು ವಿವರಣೆ ಇಟ್ಟುಕೊಂಡಿದ್ದೆ.

ನಾಲ್ವರೂ ಸೇರಿ ತಿಜೋರಿಯನ್ನು ಎತ್ತಿದೆವು. ಒಳಗೆ ಹಪ್ಪಳ ಗರಗರ ಎಂದಿತು. ಹೊಸ್ತಿಲವರೆಗೆ ತಂದಾಗ ಒಬ್ಬನ ಕೈ ಜಾರಿತು. ತಿಜೋರಿ ಹೊಸ್ತಿಲ ಮೇಲೆ ಕೂತಿತು. ಅದರ ಒಂದು ಮೂಲೆ ನನ್ನ ಕಾಲಿನ ಹೆಬ್ಬೆರಳ ಮೇಲೆ. ಬಾಯಿ ಬಿಡುವಂತಿರಲಿಲ್ಲ. ಗಂಟಲಿನಿಂದ "ಊಂ..." ಎಂಬ ಶಬ್ದವಷ್ಟೇ ಬಂತು.

ಅದೇ ಹೊತ್ತಿಗೆ ಪಡಸಾಲೆಯಿಂದ ಯಾರದೋ ಗಡಸು ದನಿ ಕೇಳಿತು. "ಹುಡುಗಿ ಹಾಡು ಹೇಳ್ತಾಳಾ?"

ನಾವು ಗರ ಬಡಿದಂತೆ ನಿಂತೆವು. ಆಮೇಲೆ ನನಗೆ ಹೊಳೆಯಿತು. ಭಾನುವಾರ. ಟಿವಿಯಲ್ಲಿ ಸಿನಿಮಾ! ಮಾವನವರು ಹಿತ್ತಲ ಬಾಗಿಲಷ್ಟೇ ಅಲ್ಲ, ಟಿವಿಯನ್ನೂ ಮರೆತು ಹೋಗಿದ್ದಾರೆ. ಸುಮ್ಮನೆ ತಿಜೋರಿ ಒಯ್ದಿದ್ದರೆ ಮುಗಿಯುತ್ತಿತ್ತು. ಆದರೆ ನಾನು ಜವಾಬ್ದಾರಿಯುತ ಅಳಿಯ. ಮಾವನವರ ಕರೆಂಟು ಹಾಳಾಗುವುದನ್ನು ನೋಡಿಕೊಂಡು ಹೇಗೆ ಹೋಗಲಿ?

ಟಿವಿಯ ಸ್ವಿಚ್ಚು ಪಡಸಾಲೆಯ ಪಕ್ಕದ ಬಾಗಿಲಿಗೆ ಹೊಂದಿಕೊಂಡೇ ಇತ್ತು. ಜಜ್ಜಿದ ಕಾಲನ್ನು ಎಳೆದುಕೊಂಡು, ನೋವಿಗೆ "ಊಂ... ಊಂ..." ಎನ್ನುತ್ತ, ಸ್ವಿಚ್ಚಿಗೆಂದು ಕೈಯನ್ನು ಮುಂದೆ ಚಾಚಿ, ಪರದೆ ಸರಿಸಿ ಒಳಗೆ ಕಾಲಿಟ್ಟೆ.

ಟಿವಿ ಬಂದ್ ಆಗಿಯೇ ಇತ್ತು.

ಜಮಖಾನೆಯ ಮೇಲೆ ನಂದಿಗುಡಿಯ ಗಂಡಿನ ಕಡೆಯವರು ಕೂತಿದ್ದರು. ಹುಡುಗ, ಅವನ ತಾಯಿ, ಮೊಣಕಾಲ ಮೇಲೆ ಬಡಿಗೆ ಇಟ್ಟುಕೊಂಡ ಅವನ ಅಜ್ಜ. ಎದುರಿಗೆ ಮಾವ, ಅತ್ತೆ, ಗಿರಿಜಾ. ನಡುವೆ ಶಿರಾ, ಉಪ್ಪಿಟ್ಟಿನ ತಟ್ಟೆಗಳಿದ್ದ ಹರಿವಾಣ ಹಿಡಿದು ನಿಂತ ಶೈಲಾ. ತಾವೇ ಬರುತ್ತೇವೆಂದು ಅವರು ಬೆಳಿಗ್ಗೆ ಹೇಳಿ ಕಳಿಸಿದ್ದರಂತೆ. ನಮ್ಮ ಮನೆಯಲ್ಲಿ ಫೋನಿರಲಿಲ್ಲ. ಇದ್ದಿದ್ದರೂ ಆ ಹೊತ್ತಿಗೆ ನಾನು ರಹಮತ್ ಸಾಹೇಬರ ಅಂಗಡಿಯಲ್ಲಿ ಸತ್ತಿದ್ದೆ.

"ಹೆದರಬ್ಯಾಡ್ರಿ, ನಾನು" ಎಂದು ಹೇಳಲು ಬಾಯಿ ತೆರೆದೆ. "ಹೆಂ... ಬ್ಯಾಂ... ಆಂ..." ಎಂದಿತು. ಕೆನ್ನೆಯ ಒಂದು ಹೋಳು ಉದುರಿ ಉಪ್ಪಿಟ್ಟಿನೊಳಗೆ ಬಿತ್ತು!

ಹುಡುಗನ ತಾಯಿ ಕಿರುಚಿದರು. ಅಜ್ಜ ಬಡಿಗೆ ಎತ್ತಿ ನನ್ನ ಭುಜಕ್ಕೆ ಬಿಟ್ಟರು. ಶೈಲಾ ತಟ್ಟೆಗಳನ್ನು ಕೆಳಗೆ ಸುರುವಿ, ಖಾಲಿ ಹರಿವಾಣದಿಂದ ನನ್ನ ಹಣೆಗೆ ಠಣ್ ಎನಿಸಿದಳು. ನನ್ನನ್ನು ಕಾಪಾಡಲೆಂದು "ಸಾರ್! ಏನಾತು ಸಾರ್?" ಎಂದು ಕೂಗುತ್ತ ಉಳಿದ ಮೂರು ಹೆಣಗಳು ಓಡಿ ಬಂದವು. ಅವನ್ನು ನೋಡಿದ್ದೇ ಹುಡುಗ ಎದ್ದು ಬಚ್ಚಲುಮನೆಗೆ ಹಾರಿ ಚಿಲಕ ಹಾಕಿಕೊಂಡ. ಅವನ ತಾಯಿ ಹಿಂದೆಯೇ ಓಡಿದರು.

"ಬಾಗ್ಲು ತೆಗಿಯೋ! ನಾನೂ ಬರ್ತೀನಿ!"

"ಯಾರು?"

"ನಿಮ್ಮವ್ವ ಕಣೋ!"

"ಅವ್ವಾ, ನೀ ಅಲ್ಲೇ ಎಲ್ಲಾರ ಅಡಗಿಕ್ಯಾ!"

ಅಜ್ಜನ ಎರಡನೇ ಏಟು ನನ್ನ ಬೆನ್ನಿಗೆ ಬಿದ್ದಾಗ ನಾನು ಗೋಡೆಗೆ ಒರಗಿ ಅಭ್ಯಾಸಬಲದಿಂದ ಕುತ್ತಿಗೆ ಕೆರೆದುಕೊಂಡೆ. ಗಿರಿಜಾ ಕಣ್ಣು ಕಿರಿದು ಮಾಡಿ ನೋಡಿದಳು.

"ತಡೀರಿ ಅಜ್ಜಾರೆ, ಹೊಡೀಬ್ಯಾಡ್ರಿ! ಆ ಕೆರಕಳೋ ರೀತಿ ನೋಡ್ರಿ... ಅಯ್ಯೋ ಶಿವನೇ, ಈ ಹೆಣ ನಮ್ಮನಿಯೋರು!"

ಮಾವನವರು ನಿಧಾನವಾಗಿ ಎದ್ದು, ಧೋತರ ಸರಿಪಡಿಸಿಕೊಂಡು, ಅಜ್ಜನ ಕಡೆ ತಿರುಗಿ ಹೇಳಿದರು. "ಇವ್ರು ನಮ್ಮ ದೊಡ್ಡ ಅಳಿಯಂದ್ರು."

ನಾನು ನಮಸ್ಕಾರ ಮಾಡಿದೆ.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಅತ್ತೆ ನೀರು ತರಲು ಒಳಗೆ ಹೋದವರು ಅಲ್ಲಿಂದಲೇ ಕೂಗಿದರು. "ರೀ, ತಿಜೋರಿ ಹೊಸ್ತಿಲ ಮ್ಯಾಲೆ ಯಾಕ ಕುಂತೈತೆ?"

ನನಗೆ ಮಾತು ಹೊರಡುವಂತಿರಲಿಲ್ಲ. ಹಾಲೇಶ ಸುಳ್ಳು ಗೊತ್ತಿಲ್ಲದ ಮನುಷ್ಯ. "ನಾವು ಕದ್ಕಂಡು ಹೋಗಾಕೆ ಬಂದಿದ್ವಿ ಯಜಮಾನ್ರೆ. ನಾಟಕ ಮುಗಿದ ಮ್ಯಾಲೆ ವಾಪಸ್ ತಂದಿಡ್ತಿದ್ವಿ" ಎಂದ.

ಮಾವನವರ ಮುಖ ನೋಡಿದೆ. ಅವರು ಬೈಯಲಿಲ್ಲ. ಬೈದಿದ್ದರೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಬೀಗರಾಗಬೇಕಾದವರ ಎದುರು ಅವರ ಕಿವಿಗಳು ಕೆಂಪಾಗಿದ್ದವು. ಈ ಸಂಬಂಧ ಕುದುರಲೆಂದು ಅವರು ತಿಂಗಳುಗಟ್ಟಲೆ ಓಡಾಡಿದ್ದು ನನಗೆ ಗೊತ್ತಿತ್ತು. ಆಗ ಮೊದಲ ಸಲ ನನಗೆ ನಿಜವಾಗಿ ಹೆದರಿಕೆಯಾಯಿತು. ಮೈದಾದ ಕೆಳಗೆ ಮುಖ ಬೆವರಿತು.

ಅಜ್ಜ ಬಡಿಗೆ ಕೆಳಗಿಟ್ಟು ಕೂತರು. ಉಸಿರು ತಹಬಂದಿಗೆ ಬಂದ ಮೇಲೆ ಜೋರಾಗಿ ನಗತೊಡಗಿದರು. "ಅಳಿಯ ಹೆಂಗಾರ ಇರ್ಲಿ ಬಿಡ್ರಿ. ಹುಡುಗಿ ಕೈ ನೋಡಿದ್ರ್ಯಾ? ನನ್ನ ಬಡಿಗಿಗಿಂತ ಜೋರು ಬಿತ್ತು ಅದು. ನಮ್ಮನಿಗೆ ಇಂಥಾ ಹುಡುಗೀನೇ ಬೇಕು."

ಮಾವನವರ ಮುಖಕ್ಕೆ ಕಳೆ ಬಂತು. ಅತ್ತೆ ದೇವರ ಕಡೆ ನೋಡಿದರು. ನಾನು ಬದುಕಿದೆ ಎಂದುಕೊಂಡೆ. ಆಗ ಶೈಲಾ ಹರಿವಾಣ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದಳು.

"ತಪ್ಪು ತಿಳೀಬ್ಯಾಡ್ರಿ ಅಜ್ಜಾರೆ. ನಾನು ಒಲ್ಲೆ. ಅವ್ರು ತಮ್ಮವ್ವನ್ನ ಹೊರಗೆ ಬಿಟ್ಟು ಚಿಲಕ ಹಾಕ್ಕಂಡ್ರು."

ಬಚ್ಚಲುಮನೆಯ ಚಿಲಕ ಇನ್ನೂ ತೆಗೆದಿರಲಿಲ್ಲ. ಹುಡುಗನ ತಾಯಿ ಆ ಬಾಗಿಲನ್ನೊಮ್ಮೆ, ಶೈಲಾಳನ್ನೊಮ್ಮೆ ನೋಡಿದರು. ಅವಳ ತಲೆ ಸವರಿ ಚಪ್ಪಲಿ ಹಾಕಿಕೊಂಡರು.

ಹುಡುಗನನ್ನು ಹೊರಗೆ ಕರೆದುಕೊಂಡು ಅವರೆಲ್ಲ ಹೋದ ಮೇಲೆ ಮಾವನವರು ನನಗೆ ಹೇಳಿದ್ದು ಒಂದೇ ಮಾತು. "ತಿಜೋರಿ ಒಳಗಿಟ್ಟು ಹೋಗ್ರಿ."

ಅಷ್ಟರಲ್ಲಿ ಗದ್ದಲ ಕೇಳಿ ಅರ್ಧ ಓಣಿ ಹಿತ್ತಲಿಗೆ ಬಂದು ಸೇರಿತ್ತು. ಅಷ್ಟೂ ಜನರ ಎದುರು ನಾಲ್ಕು ಹೆಣಗಳು ತಿಜೋರಿಯನ್ನು ಇದ್ದಲ್ಲಿಗೇ ಹೊತ್ತು ಇಟ್ಟವು. "ಸ್ವಲ್ಪ ಎಡಕ್ಕೆ... ಗ್ವಾಡಿಗೆ ತಾಗಿಸಬ್ಯಾಡ್ರಿ" ಎಂದು ಮಾವನವರು ನಿಂತು ಹೇಳುತ್ತಿದ್ದರು. ಹೊರಡುವಾಗ ಅತ್ತೆ ತಡೆದು, "ಬಂದೋರು ಹಂಗೇ ಹೋಗಬಾರ್ದು, ಕೂಡ್ರಿ" ಎಂದು ಉಳಿದ ಶಿರಾ ಬಡಿಸಿದರು. ಮೂರು ಹೆಣಗಳು ಚಪ್ಪರಿಸಿ ತಿಂದವು. ನನ್ನ ಬಾಯಿ ಚಮಚ ಹೋಗುವಷ್ಟೂ ತೆರೆಯಲಿಲ್ಲ.

ಸಂಜೆ ನಾಟಕವನ್ನು ಮಾಡಿಯೇ ಮಾಡಿದೆವು. ತಿಜೋರಿಯ ಜಾಗದಲ್ಲಿ ಸ್ಟೂಲಿಗೆ ಲುಂಗಿ ಹೊದಿಸಿದ್ದೆವು. ನಾನು ನಿಜವಾದ ಕುಂಟು, ನಿಜವಾದ ಬಾವು, ನಿಜವಾದ ನರಳಾಟದೊಂದಿಗೆ ರಂಗಕ್ಕೆ ಬಂದೆ. ಮುಂದಿನ ಸಾಲಿನಲ್ಲಿ ತಾಯಿಯ ತೊಡೆಯ ಮೇಲಿದ್ದ ಕೂಸು ನನ್ನನ್ನು ನೋಡಿ ಕೈ ತಟ್ಟಿತು. ಕೊನೆಯಲ್ಲಿ ತೀರ್ಪುಗಾರರು ಮೈಕಿನ ಮುಂದೆ ನಿಂತು ಗಂಭೀರವಾಗಿ ಹೇಳಿದರು: "ಪ್ರಯತ್ನ ಒಳ್ಳೆಯದು. ಆದರೆ ಮುಖ್ಯ ಹೆಣದ ಪಾತ್ರದಲ್ಲಿ ಜೀವವೇ ಇರಲಿಲ್ಲ!"

ನಾಟಕ ನೋಡಿದ ಗಿರಿಜಾ ನನ್ನ ಜೊತೆಯೇ ದಾವಣಗೆರೆಯ ಬಸ್ಸು ಹತ್ತಿದಳು. ಊರು ಹತ್ತಿರ ಬಂದಾಗ ಕಿಟಕಿಯ ಕಡೆಗೇ ನೋಡುತ್ತ, "ಅಪ್ಪನ ಮನಿಯಾಗೆ ಹೆಣ ಆಗಿದ್ರಿ. ಸ್ಟೇಜಿನ ಮ್ಯಾಲೆ ಅಳಿಯ ಆಗಿದ್ರಿ. ಒಂದೀಟು ಅದ್ಲುಬದ್ಲಾಗಿದ್ರೆ ಎಷ್ಟು ಚೆನ್ನಾಗಿರ್ತಿತ್ತು" ಎಂದಳು.

ಶೈಲಾಗೆ ಮರುವರ್ಷ ಒಳ್ಳೆಯ ಕಡೆಯೇ ಸಂಬಂಧ ಕೂಡಿಬಂತು. ಆ ಹುಡುಗ ನೋಡಲು ಬರುವ ದಿನ ಮಾವನವರು ಬಹಳ ತುರ್ತು ಕೆಲಸವಿದೆಯೆಂದು, ನಿಮ್ಮಿಂದ ಮಾತ್ರ ಆಗುವಂಥದ್ದೆಂದು ಹೇಳಿ ನನ್ನನ್ನು ಚಿತ್ರದುರ್ಗಕ್ಕೆ ಕಳಿಸಿದರು. ಅಷ್ಟು ನಂಬಿಕೆ ಇಟ್ಟರಲ್ಲ ಎಂದು ನಾನು ಎದೆಯುಬ್ಬಿಸಿ ಹೋದೆ.

ಅಲ್ಲಿ ಯಾವ ಕೆಲಸವೂ ಇರಲಿಲ್ಲ.