ತಪಾಸಣೆಗೆ ಮುನ್ನ ಮಂಜುಗಡ್ಡೆ ಮುಟ್ಟಿದ ಮಗುವಿನ ಕುರಿತು

ಸಂಖ್ಯೆ: ಶಿಪಾ/ತಂಪು/17/ತಿದ್ದುಪಡಿ-4

ವಿಷಯ: ಶಿಶುಪಾಲನಾ ಕೇಂದ್ರಗಳಲ್ಲಿ ಎರಡು ವರ್ಷದ ಆಸುಪಾಸಿನ ಮಕ್ಕಳನ್ನು ಮಂಜುಗಡ್ಡೆಯೊಂದಿಗೆ ಆಡಿಸುವ ಬಗ್ಗೆ, ಹಾಗೂ ಒಂದು ಮಗು ಅನುಮತಿಯಿಲ್ಲದೆ ಮಾತಾಡಿದ ಬಗ್ಗೆ.

ಉಲ್ಲೇಖ: 1. ಇದೇ ಕಚೇರಿಯ ಹಿಂದಿನ ಸುತ್ತೋಲೆ (‘ಮೊದಲು ಅಧಿಕಾರಿಗಳು ಮುಟ್ಟತಕ್ಕದ್ದು’).
2. ಮೂರನೇ ಕೇಂದ್ರದ ಶಿಕ್ಷಕಿಯ ಹೇಳಿಕೆ.

ತಟ್ಟೆಯಲ್ಲಿ ಮಂಜುಗಡ್ಡೆ ಇಟ್ಟು, ಮಕ್ಕಳು ಅದನ್ನು ಮುಟ್ಟಿ, ಜಾರಿಸಿ, ಒಳಗೆ ಹುದುಗಿಸಿದ ಹೂವಿನ ಎಸಳನ್ನು ಬಿಡಿಸಿಕೊಳ್ಳುವ ಆಟಕ್ಕೆ ಇಲಾಖೆ ಮಂಜೂರಾತಿ ನೀಡಿರುವುದು ಸರಿಯಷ್ಟೆ. ಮಂಜುಗಡ್ಡೆ ಒಂಬತ್ತಕ್ಕೆ ಮೇಜಿನ ಮೇಲೆ ಬರತಕ್ಕದ್ದು, ತಪಾಸಣಾಧಿಕಾರಿಗಳು ಹನ್ನೊಂದೂವರೆಗೆ ಬರತಕ್ಕದ್ದು, ಮಕ್ಕಳು ಅನಂತರ ಮುಟ್ಟತಕ್ಕದ್ದು ಎಂಬ ಕ್ರಮ ಚಾಚೂ ತಪ್ಪದೆ ನಡೆದುಬಂದಿದೆ. ‘ಮಕ್ಕಳಿಗೆ ಮಂಜುಗಡ್ಡೆಯಲ್ಲಿ ಆಸಕ್ತಿಯಿಲ್ಲ, ನೀರಿನಲ್ಲಿ ಮಾತ್ರ ಇದೆ’ ಎಂಬ ತೃಪ್ತಿಕರ ವರದಿ ಎಲ್ಲೆಡೆಯಿಂದ ಬಂದಿದೆ.

ಮೂರನೇ ಕೇಂದ್ರದ ಶಿಕ್ಷಕಿ ಮಾತ್ರ ಒಂಬತ್ತೂ ಐದಕ್ಕೇ ಮಂಜುಗಡ್ಡೆಯನ್ನು ಮಕ್ಕಳ ಕೈಗೆ ಕೊಟ್ಟಿದ್ದಾರೆ. ಆಗ, ಎರಡೂವರೆ ವರ್ಷವಾದರೂ ಅಂದಿನವರೆಗೆ ಒಂದಕ್ಷರವನ್ನೂ ಆಡದಿದ್ದ ಹೆಣ್ಣುಮಗುವೊಂದು ‘ತಣ್ಣಗೆ!’ ಎಂದು ಕೂಗಿದೆ. ವಿಚಾರಣೆಯಲ್ಲಿ ಶಿಕ್ಷಕಿ, “ಕರಗಿ ಹೋಗುತ್ತಲ್ಲ ಸರ್, ಅದಕ್ಕೇ ಕೊಟ್ಟೆ. ಮಗು ಮಾತಾಡ್ತು. ಇನ್ನೇನ್ ಬೇಕಿತ್ತು?” ಎಂದಿದ್ದಾರೆ. ಇನ್ನೇನು ಬೇಕಿತ್ತು ಎಂಬುದನ್ನು ಈ ಮೂಲಕ ಸೂಚಿಸಲಾಗಿದೆ:

1. ತಪಾಸಣೆ ಮುಗಿಯುವವರೆಗೆ ಮಂಜುಗಡ್ಡೆ ಕರಗದಂತೆ ಶಿಕ್ಷಕಿಯರು ನೋಡಿಕೊಳ್ಳತಕ್ಕದ್ದು. ಕರಗಿದಲ್ಲಿ ಅದನ್ನು ಸಿಬ್ಬಂದಿಯ ಅಸಡ್ಡೆಯೆಂದು ಪರಿಗಣಿಸಲಾಗುವುದು.

2. ಅಲ್ಲಿಯವರೆಗೆ ಮಕ್ಕಳು ಕೈಕಟ್ಟಿ ಕುಳಿತು ಮಂಜುಗಡ್ಡೆಯ ಸ್ಪರ್ಶವನ್ನು ಕಣ್ಣಿನಿಂದ ಅನುಭವಿಸತಕ್ಕದ್ದು. ಜೊಲ್ಲು ಸುರಿಸುವಂತಿಲ್ಲ. ಜೊಲ್ಲು ಯಾವುದು, ಕರಗಿದ ನೀರು ಯಾವುದು ಎಂದು ವರದಿಯಲ್ಲಿ ಬೇರ್ಪಡಿಸುವುದು ಕಷ್ಟವಾಗುತ್ತಿದೆ.

3. ಅಧಿಕಾರಿಗಳು ಮುಟ್ಟಿ, ತಣ್ಣಗಿದೆ ಎಂದು ಲಿಖಿತವಾಗಿ ದೃಢೀಕರಿಸುವವರೆಗೆ ಮಂಜುಗಡ್ಡೆ ತಣ್ಣಗಿರುವುದಿಲ್ಲ. ಆದ್ದರಿಂದ ಸದರಿ ಮಗುವಿನ ಹೇಳಿಕೆ ಆಧಾರರಹಿತವಾಗಿದೆ.

4. ಮೊದಲ ಮಾತನ್ನು ಆಡಲಿಚ್ಛಿಸುವ ಮಗು ಏಳು ದಿನ ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು. ಬರೆಯಲು ಬಾರದ ಮಕ್ಕಳು ಬಾಯಿಮಾತಿನಲ್ಲಿ ತಿಳಿಸಬಹುದು.

5. ಸದರಿ ಮಾತನ್ನು ಕೇಳಿಸಿಕೊಂಡವರು ಶಿಕ್ಷಕಿ, ಆಯಾ ಹಾಗೂ ಎಂಟು ಮಕ್ಕಳು. ಆಯಾ, “ನಂಗಂತೂ ಕಣ್ಣಲ್ಲಿ ನೀರು ಬಂದ್ಬಿಡ್ತು” ಎಂದಿದ್ದು, ಆ ನೀರು ಮಂಜುಗಡ್ಡೆಯದೇ ಎಂದು ತೀರ್ಮಾನಿಸಲಾಗಿದೆ. ಮಕ್ಕಳ ಪೈಕಿ ಯಾರೂ ಸಾಕ್ಷಿ ಸಹಿ ಮಾಡಿರುವುದಿಲ್ಲ. ಹೀಗಾಗಿ ಮಗು ಮಾತಾಡಿರುವುದಿಲ್ಲ.

6. ಮಾತಾಡದ ಮಗುವನ್ನು ಮಾತಾಡಿಸಿದ ಶಿಕ್ಷಕಿಯನ್ನು ಅಮಾನತಿನಲ್ಲಿಡಲಾಗಿದೆ. ಬರುವ ಸೋಮವಾರ ಹನ್ನೊಂದೂವರೆಗೆ, ಅಧಿಕಾರಿಗಳ ಸಮ್ಮುಖದಲ್ಲಿ, ಬೇರೊಬ್ಬರ ಕೈಯಿಂದ ಮಂಜುಗಡ್ಡೆ ಪಡೆದು ಮಗು ಅದೇ ಮಾತನ್ನು ಅದೇ ಖುಷಿಯಲ್ಲಿ ಆಡಿದರೆ ಅವರನ್ನು ಕೆಲಸಕ್ಕೆ ಮರಳಿ ತೆಗೆದುಕೊಳ್ಳುವ ಬಗ್ಗೆ ಯೋಚಿಸಲಾಗುವುದು. ಇಲ್ಲವಾದಲ್ಲಿ ವಜಾ. ಅಂದು ಮಗು ಶಿಕ್ಷಕಿಗಾಗಿ ಬಾಗಿಲ ಕಡೆ ನೋಡಿದರೆ ಅದನ್ನು ಅಸಹಕಾರವೆಂದು ದಾಖಲಿಸಲಾಗುವುದು.

ಓದಿ ಅರ್ಥವಾಗದವರೂ ಇದನ್ನು ಪಾಲಿಸತಕ್ಕದ್ದು.

ಸಹಿ/-
ಅಧೀಕ್ಷಕರು, ತಂಪು ವಿಭಾಗ
(ರಜೆಯಲ್ಲಿರುವುದರಿಂದ ಅವರ ಪರವಾಗಿ ಮೊಹರು)

ಪ್ರತಿಗಳು:

1. ಎಲ್ಲ ಕೇಂದ್ರಗಳ ಫ್ರಿಜ್ಜಿನ ಬಾಗಿಲಿಗೆ, ಅಂಟಿಸಲು.

2. ಅಮಾನತಿನಲ್ಲಿರುವ ಶಿಕ್ಷಕಿಗೆ. ಮಗು ಹೇಗಿದೆ ಎಂದು ವಿಚಾರಿಸುವಂತಿಲ್ಲ.

3. ಸದರಿ ಮಗುವಿಗೆ, ಓದಿಕೊಂಡು ಸಹಿ ಮಾಡಲು.

4. ಮಗುವಿನ ತಾಯಿಗೆ. “ಅವತ್ತು ನಾನು ಕೆಲಸಕ್ಕೆ ಹೋಗಿದ್ದೆ. ಅವಳ ಮಾತು ನಾನೂ ಒಂದ್ಸಲ ಕೇಳ್ಬೇಕು” ಎಂದು ಕಚೇರಿಗೆ ಬಂದು ತಾವು ಮಾಡಿಕೊಂಡ ಮನವಿಯನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗಿದೆ. ಇಲಾಖೆ ಮೊದಲು ಕೇಳಿಸಿಕೊಂಡ ನಂತರ ತಮಗೆ ಅವಕಾಶ ಕಲ್ಪಿಸಲಾಗುವುದು. ಅಲ್ಲಿಯವರೆಗೆ ಮಗು ಮನೆಯಲ್ಲಿ ಬಾಯಿ ತೆರೆದರೆ ತಾವು ಕಿವಿ ಮುಚ್ಚಿಕೊಳ್ಳತಕ್ಕದ್ದು.