ಮಾವನ ದೋಣಿಗೊಂದು ಕಣ್ಣು

ನನ್ನ ಸೋದರಮಾವ ಯಾರ ಮಾತನ್ನೂ ಮೀರಿದವನಲ್ಲ. ಎಲ್ಲರ ಮಾತನ್ನೂ ಅಕ್ಷರಶಃ ಪಾಲಿಸಿಯೇ ಅವರಿಗೆ ಸಾಕುಸಾಕು ಮಾಡುತ್ತಾನೆ! ಒಮ್ಮೆ ಅತ್ತೆ ಸಂತೆಗೆ ಹೊರಟಾಗ, "ಬಾಗಲಾ ನೋಡ್ಕೊಳ್ರಿ" ಅಂದಳು. ಮಾವ ಬಾಗಿಲಿನೆದುರು ಕುರ್ಚಿ ಹಾಕಿಕೊಂಡು ಅದನ್ನೇ ನೋಡುತ್ತಾ ಕುಳಿತ. ಅತ್ತ ಹಿತ್ತಲಲ್ಲಿ ಒಣಹಾಕಿದ್ದ ಶೇಂಗಾವನ್ನು ಪಕ್ಕದ ಮನೆಯ ಮೇಕೆ ನೆಮ್ಮದಿಯಾಗಿ ಮುಗಿಸಿತು. "ನೀ ಬಾಗಲಾ ಅಂದಿ, ಶೇಂಗಾ ಅಂದಿಲ್ಲ" ಎಂದು ಮಾವ ವಾದಿಸಿದ್ದನ್ನು ಅತ್ತೆ ಇಂದಿಗೂ ಮರೆತಿಲ್ಲ.

ಇಂಥವನಿಗೆ ಹರಪನಹಳ್ಳಿಯ ಡಾಕ್ಟರೊಬ್ಬರು ಬುದ್ಧಿ ಹೇಳಿದರು.

ತಂಬ್ರಹಳ್ಳಿ ಕಡೆಯ ಹಿನ್ನೀರಿನಲ್ಲಿ ಮಾವನದೊಂದು ಇಂಜಿನ್ ದೋಣಿ. ಜನ, ಬೈಕು, ಕೆಲವೊಮ್ಮೆ ಕುರಿ, ಎಲ್ಲವನ್ನೂ ಆಚೆ ದಂಡೆಗೆ ಮುಟ್ಟಿಸುತ್ತಾನೆ. ಕಳೆದ ವರ್ಷ ಖಾಲಿ ದೋಣಿ ತರುವಾಗ ಅವನಿಗೆ ತಲೆಸುತ್ತು ಬಂತು. ದೋಣಿ ತನ್ನ ಪಾಡಿಗೆ ತಾನು ತೇಲಿ ಜಾಲಿಕಂಟಿಗೆ ಸಿಕ್ಕಿಕೊಂಡಿತ್ತು. ಮೀನು ಹಿಡಿಯುವವರು ನೋಡಿ ಕರೆತಂದರು. ಡಾಕ್ಟರು ಪರೀಕ್ಷೆ ಮಾಡಿ, ಗುಳಿಗೆ ಕೊಟ್ಟು, "ಗಾಬರಿ ಬ್ಯಾಡ. ಆದ್ರ ನೀರಾಗ ಇರೋವಾಗ ಒಬ್ಬರ ಕಣ್ಣು ನಿಮ್ಮ ಮ್ಯಾಲೆ ಇರ್ಲಿ" ಅಂದರು.

ಅತ್ತೆಗೆ ಅದರ ಅರ್ಥ ಸ್ಪಷ್ಟವಿತ್ತು: ಒಬ್ಬ ಆಳು ಇಟ್ಟುಕೊಳ್ಳಬೇಕು, ಇಲ್ಲವೇ ದೋಣಿ ಮಾರಬೇಕು. ಮಾವನಿಗೆ ಎರಡೂ ಒಗ್ಗದ ಮಾತು. ತನ್ನ ಇಂಜಿನ್ನಿಗೆ ಬೇರೆಯವರು ಕೈ ಹಚ್ಚಿದರೆ ಅವನಿಗೆ ಅನ್ನ ಇಳಿಯುವುದಿಲ್ಲ. ಇನ್ನು ದೋಣಿ ಮಾರಿ ಮನೆಯಲ್ಲಿ ಕೂರುವುದೆಂದರೆ? ಅವನನ್ನು ಬದುಕಿರುವಾಗಲೇ ಅಟ್ಟದ ಮೇಲಿಟ್ಟಂತೆ. ಆಮೇಲೊಂದು ಬೆಳಿಗ್ಗೆ ನನ್ನ ಮನೆಗೆ ಬಂದ.

"ಅಳಿಯ, ಡಾಕ್ಟ್ರು ಕಣ್ಣು ಅಂದಾರ. ಆಳು ಅಂದಿಲ್ಲ. ನಡಿ, ಕ್ಯಾಮೆರಾ ತರೋಣು."

ಅತ್ತೆ ಒಪ್ಪಿದಳು, ಆದರೆ ಒಂದು ಷರತ್ತು ಹಾಕಿದಳು. "ಫೋನಿನ್ಯಾಗ ನಿಮ್ಮ ಮುಖ ಒಂದ್ಸಲ ಮರೆಯಾದ್ರೂ ದೋಣಿ ಮಾರಬೇಕು, ನೋಡ್ರಿ."

ಹಗರಿಬೊಮ್ಮನಹಳ್ಳಿಯ ಅಂಗಡಿಯಲ್ಲಿ ಮಾವ ಕ್ಯಾಮೆರಾ ಆರಿಸಿದ್ದು ಥೇಟ್ ಎತ್ತು ಆರಿಸಿದಂತೆ. ಅಂಗಡಿಯವರು ಚಾಲೂ ಮಾಡಿಟ್ಟ ಪ್ರತಿಯೊಂದರ ಎದುರೂ ಎಡಕ್ಕೆ ನಡೆದ, ಬಲಕ್ಕೆ ನಡೆದ, ಕುಕ್ಕರಗಾಲಲ್ಲಿ ಕುಳಿತ. ಕತ್ತು ಹೊರಳಿಸದ ಕ್ಯಾಮೆರಾಗಳೆಲ್ಲ "ಸೋಮಾರಿ" ಅನಿಸಿಕೊಂಡು ಪೆಟ್ಟಿಗೆ ಸೇರಿದವು. ಕೊನೆಗೊಂದು ಅವನ ಹಿಂದೆಯೇ ಕತ್ತು ತಿರುಗಿಸಿತು. "ಇದು ಚುರುಕೈತಿ, ಕಟ್ರಿ" ಅಂದ. ಸಿಮ್ ಹಾಕುವಂಥದ್ದು, ಬಿಸಿಲಿನಲ್ಲೇ ಚಾರ್ಜ್ ಆಗುವಂಥದ್ದು. ನಮ್ಮ ಸೀಮೆಯಲ್ಲಿ ಬಿಸಿಲಿಗೇನು ಬರ?

ದೋಣಿಯ ಮೂತಿಗೊಂದು ಪೈಪು ನಿಲ್ಲಿಸಿ, ಇಂಜಿನ್ ಹತ್ತಿರ ಕೂರುವ ಮಾವನ ಕಡೆಗೆ ಮುಖಮಾಡಿ ಕ್ಯಾಮೆರಾ ಕೂರಿಸಿದೆವು. ನಮ್ಮ ಮನೆತನದಲ್ಲಿ ಹೊಸದೇನು ಬಂದರೂ, ಮಿಕ್ಸಿಯಾಗಲಿ ಟ್ರ್ಯಾಕ್ಟರಾಗಲಿ, ಮೊದಲು ಹಣೆಗೆ ವಿಭೂತಿ ಬೀಳಬೇಕು. ಕ್ಯಾಮೆರಾಕ್ಕೆ ಹಣೆ ಯಾವುದು? ಆ ದುಂಡನೆಯ ಗಾಜೇ ಹಣೆಯೆಂದು ಮಾವ ತೀರ್ಮಾನಿಸಿ, ಭಕ್ತಿಯಿಂದ ಮೂರು ಬೆರಳು ಎಳೆದ. ಮೇಲೊಂದು ಮೊಳ ಹಡಗಲಿ ಮಲ್ಲಿಗೆ ಇಳಿಬಿಟ್ಟ. ಮನೆಯಲ್ಲಿ ಫೋನು ಹಿಡಿದು ಕೂತಿದ್ದ ಅತ್ತೆಯ ದನಿ ಕ್ಯಾಮೆರಾದೊಳಗಿಂದ ಬಂತು.

"ರೀ, ಎಲ್ಲಾ ಬೆಳ್ಳಗ ಕಾಣ್ತೈತಿ. ಅಲ್ಲಿ ಮಂಜು ಬಿದ್ದೈತೇನು?"

ಮಟಮಟ ಮಧ್ಯಾಹ್ನ! ನಾನು ಗಾಜು ಒರೆಸಿದೆ. "ಹಣಿ ಬರಿದು ಮಾಡಿದೆಲ್ಲೋ" ಎಂದು ಮಾವ ನೊಂದುಕೊಂಡು, ಹಿಂಭಾಗಕ್ಕೆ ಮತ್ತೆ ವಿಭೂತಿ ಬಳಿದ.

ಆ ಚುರುಕಿನ ಕ್ಯಾಮೆರಾ ಮರುದಿನ ಕುರಿಗಾರನೊಬ್ಬನ ಟಗರಿಗೆ ಮನಸೋತಿತು. ದಾರಿಯುದ್ದಕ್ಕೂ ಅದರ ಹಿಂದೆಯೇ ತಿರುಗಿತು. ಸಂಜೆ ಅತ್ತೆ, "ನಿಮ್ಮ ಮುಖ ಕಾಣಲಿಲ್ಲ. ಟಗರು ಮಾತ್ರ ಲಕ್ಷಣ ಐತಿ" ಅಂದಳು. ದನಿ ಕೇಳಿತಲ್ಲ ಎಂದು ಮಾವ ಗೋಗರೆದು ದೋಣಿ ಉಳಿಸಿಕೊಂಡ. ನಾನು ಆ ಕತ್ತು ಹೊರಳಿಸುವ ಚಾಳಿಯನ್ನು ನಿಲ್ಲಿಸಿದ ಮೇಲೆ ಎಲ್ಲ ಸುಸೂತ್ರವಾಯಿತು. ಅತ್ತೆ ಚಟ್ನಿಪುಡಿ ಡಬ್ಬಿಗೆ ಫೋನು ಆನಿಸಿಟ್ಟುಕೊಂಡು ರೊಟ್ಟಿ ಬಡಿಯುತ್ತಾ, "ಗುಳಿಗಿ ತಗೊಂಡ್ರೇನು? ತಲಿಗೆ ಟವೆಲ್ ಸುತ್ತಿಕೊಳ್ರಿ" ಅನ್ನುತ್ತಿದ್ದಳು. ಪ್ರಯಾಣಿಕರೇ "ತಗೊಂಡಾರ ಬಿಡವ್ವ" ಎಂದು ಉತ್ತರ ಕೊಡುತ್ತಿದ್ದರು.

ಮೊನ್ನೆ ನಾನೂ ಆಚೆ ದಂಡೆಗೆ ಹೋಗಿದ್ದೆ. ಎದುರಿಗೇ ಕಾಣುವ ದಂಡೆಗೆ ನೇರ ಹೋಗುವುದು ಬಿಟ್ಟು ಮಾವ ಊರ ಮಗ್ಗುಲಲ್ಲೇ ಬಹುದೂರ ಸಾಗಿ, ದೊಡ್ಡ ಸುತ್ತು ಹಾಕಿ ದಾಟಿಸಿದ. "ಯಾಕ ಈ ಸುತ್ತು?" ಎಂದು ಜನ ಗೊಣಗಿದರೆ, "ನಡುವ ಸುಳಿ ಐತ್ರಿ" ಅಂದ. ನೀರು ತಟ್ಟೆಯಲ್ಲಿಟ್ಟಂತೆ ಸುಮ್ಮನಿತ್ತು. ಎಲ್ಲಿಯ ಸುಳಿ?

ವಾಪಸು ಬರುವಾಗ ನಾವಿಬ್ಬರೇ. ಕೇಳಿಯೇಬಿಟ್ಟೆ. ಮಾವ ನೀರಿನ ನಡುವೆ ನಿಂತ ಒಣಮರವೊಂದನ್ನು ತೋರಿಸಿದ. ಅದಕ್ಕೆ ಅತ್ತೆಯ ಹಳೆಯ ಕೆಂಪು ಸೀರೆಯ ತುಂಡು ಕಟ್ಟಿತ್ತು.

"ಆ ಮರದ ಹತ್ರ ನೆಟ್‌ವರ್ಕ್ ಸಿಗಂಗಿಲ್ಲ. ಸುತ್ತಿ ಹೋದ್ರ ದಾರಿಯುದ್ದಕ್ಕೂ ಸಿಗತೈತಿ."

"ಮುಖ ಕಾಣದಿದ್ರ ದೋಣಿ ಮಾರಿಸ್ತಾಳಂತ ಅಂಜಿಕಿ ಏನು, ಮಾವ?" ಎಂದು ನಕ್ಕೆ.

ಮಾವ ನಗಲಿಲ್ಲ. ಇಂಜಿನ್ ಸದ್ದು ತಗ್ಗಿಸಿದ. "ಹಿಂದ ಒಂದಿನ ನೇರ ಹೋಗಿದ್ದೆ. ಫೋನಿನ್ಯಾಗ ನನ್ನ ಮುಖ ಅಲ್ಲೇ ನಿಂತುಬಿಟ್ಟೈತಿ. ತಿರುಗಿ ಬರ್ತೀನಿ, ನಿಮ್ಮತ್ತಿ ಎದಿಮಟ ನೀರಾಗ ನಿಂತಾಳ, ಫೋನು ಮ್ಯಾಲೆ ಹಿಡಕೊಂಡು. ಆಕಿಗೆ ಈಜು ಬರಂಗಿಲ್ಲ, ಅಳಿಯ. ದೋಣಿ ಮಾರ್ರಿ ಅಂತ ಒಂದು ಮಾತು ಅನ್ನಲಿಲ್ಲ. ಸೀರಿ ಹಿಂಡಿಕೊಂಡು ಮನಿಗೆ ನಡದ್ಲು."

ಇಷ್ಟು ದಿನ ಇವನನ್ನು ನೋಡಿ ನಕ್ಕಿದ್ದೆಲ್ಲ ಕಣ್ಣ ಮುಂದೆ ಬಂದು ನಿಂತಿತು.

ಅಷ್ಟರಲ್ಲಿ ಕ್ಯಾಮೆರಾ ಮಾತಾಡಿತು. "ರೀ, ಇವತ್ತು ಅಳಿಯ ಜೊತಿಗೆ ಅದಾನಲ್ಲ. ನೇರ ಬರ್ರಿ, ನನಗೇನೂ ಅಂಜಿಕಿ ಇಲ್ಲ. ರೊಟ್ಟಿ ಆರ್ತಾವ."

ಮಾವ ಟವೆಲಿನಿಂದ ಮುಖ ಒರೆಸಿಕೊಂಡ.

"ನಡುವ ಸುಳಿ ಐತಿ" ಎಂದು ಕ್ಯಾಮೆರಾಕ್ಕೆ ಹೇಳಿ, ದೋಣಿಯನ್ನು ಸುತ್ತಿನ ದಾರಿಗೆ ತಿರುಗಿಸಿದ.