ಮಾವನ ಅಂಗಡಿಯ ಸುಬೇದಾರ

ನಾನು ಯಾರನ್ನೂ ಸುಲಭಕ್ಕೆ ನಂಬುವವನಲ್ಲ. ಆದರೆ ನನ್ನನ್ನೇ ನಾನು ನಂಬದಂತೆ ಮಾಡಿದ ಕೀರ್ತಿ ಮಾತ್ರ ನಮ್ಮ ಸೋದರಮಾವನಿಗೇ ಸಲ್ಲಬೇಕು! ಆದ್ದರಿಂದ ನನ್ನ ನೆನಪನ್ನು ಪೂರ್ತಿ ನಂಬಬೇಡಿ.

ಸಿಂಧನೂರಿನಲ್ಲಿ ಮಾವನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಗೋಡೆಯ ತುಂಬ ದೇವರು, ಮದುಮಕ್ಕಳು, ಸತ್ತವರು. ಮಧ್ಯಾಹ್ನದ ಬಿಸಿಲು ಗಾಜುಗಳ ಮೇಲೆ ಬಿದ್ದರೆ ಎಲ್ಲರೂ ಕಾಲುವೆಯ ನೀರಿನೊಳಗಿಂದ ನೋಡುತ್ತಿರುವಂತೆ ಕಾಣುತ್ತಿದ್ದರು. ಮಾವ ಮಾತಾಡುತ್ತಿದ್ದದ್ದು ಸತ್ತವರೊಂದಿಗೆ. ಬದುಕಿದ ಗಿರಾಕಿಗಳಿಗೆ "ನಾಳೆ ಬರ್ರಿ" ಅಂದರೆ ಮುಗಿಯಿತು!

ಎಂಬತ್ತರ ದಶಕದ ಒಂದು ಬೇಸಿಗೆ. ಗುಲ್ಬರ್ಗಾದಲ್ಲಿ ಇತಿಹಾಸದ ಎಂ.ಎ. ಓದುತ್ತಿದ್ದ ನಾನು ರಜೆಗೆ ಬಂದಾಗ ಆ ಗೋಡೆಯಲ್ಲಿ ಹೊಸಬನೊಬ್ಬನಿದ್ದ. ಕಪ್ಪು ಮೀಸೆಯ ಸೇನಾಧಿಕಾರಿಯ ಬಣ್ಣದ ಚಿತ್ರ.

"ಯಾರ್ರೀ ಮಾಮಾ ಇವರು?"

"ಮಸ್ಕಿಯಾಗ ಒಬ್ಬಾಕಿ ಎಂಬತ್ತೈದರ ಮುದುಕಿ ಅದಾಳ. ಆಕಿ ಅಪ್ಪ ಲಿಂಗಸೂಗೂರ ದಂಡಿನ ಛಾವಣಿ ಪಲ್ಟನ್‌ದಾಗ ಸುಬೇದಾರ ಇದ್ದನಂತ. ಆಕಿ ಸಣ್ಣ ಹುಡುಗಿ ಇದ್ದಾಗ ಛಾವಣಿ ಎತ್ತಿದ್ರು, ಪಲ್ಟನ್ ಜೋಡಿ ಹ್ವಾದವ ತಿರುಗಿ ಬರಲಿಲ್ಲ. ಇವ ಆಕಿ ಅಪ್ಪ ಹೌದೋ ಅಲ್ಲೋ, ಆಕಿ ಕಣ್ಣು ಪೂರಾ ಮಂಜಾಗೂದ್ರಾಗ ಗೊತ್ತಾಗಬೇಕು. ಎಂ.ಎ. ಓದಾಕತ್ತೀಯಲ್ಲ, ಪತ್ತೆ ಹಚ್ಚು!"

ಕ್ಯಾಮೆರಾ ಎಲ್ಲಿತ್ತು? ನೋಟ್‌ಬುಕ್ಕಿನಲ್ಲಿ ಚಿತ್ರ ಗೀಚಿಕೊಂಡೆ. ಅಧಿಕಾರಿ ಬದನೆಕಾಯಿಯಂತಾದ. ಲಿಂಗಸೂಗೂರಿನಲ್ಲಿ ಒಬ್ಬ ಮುದಿ ದರ್ಜಿ ಸಿಕ್ಕ. ಅವನ ಅಜ್ಜ ಆ ಪಲ್ಟನ್ನಿಗೆ ಅಂಗಿ ಹೊಲಿದವನಂತೆ.

"ಗುಂಡಿ ಹೆಣ್ಮಕ್ಕಳ ಕುಪ್ಪಸದ ಕಡಿಗೆ ಅದಾವಲ್ರೀ!" ಎಂದು ನನ್ನ ಚಿತ್ರ ನೋಡಿ ನಕ್ಕ. "ಹೆಗಲಮ್ಯಾಗ ಚುಕ್ಕಿನೂ ಇಲ್ಲ. ಇವ ಸುಬೇದಾರ ಅಲ್ರೀ, ನಾಟಕದಾಗಿನ ರಾಜ!"

ಮಾವನಿಗೆ ವರದಿ ಒಪ್ಪಿಸಿದೆ. ಮುಂದಿನ ರಜೆಗೆ ಬಂದು ನೋಡುತ್ತೇನೆ, ಗುಂಡಿಗಳು ಆಚೆ ಬದಿಗೆ ಹೋಗಿವೆ! ಹೆಗಲ ಮೇಲೆ ಚುಕ್ಕಿಗಳು ಹೊಳೆಯುತ್ತಿವೆ! ನೋಟ್‌ಬುಕ್ಕು ತೆಗೆದೆ. 'ಚುಕ್ಕಿ ಇಲ್ಲ' ಅಂತ ನನ್ನದೇ ಅಕ್ಷರ.

"ಬಿಸಲಾಗ ತಿರುಗಿ ತಲಿ ಕೆಟ್ಟೈತಿ ಅಳಿಯಾ. ಮಜ್ಜಿಗಿ ಕುಡಿ," ಎಂದರು ಮಾವ.

ಮಜ್ಜಿಗೆ ಕುಡಿದೆ. ಚುಕ್ಕಿ ಹೋಗಲಿಲ್ಲ. ಗೋಡೆಯ ಮೇಲಿನವನು ನಾನಿಲ್ಲದಾಗ ಇಳಿದು, ಕನ್ನಡಿ ನೋಡಿಕೊಂಡು ಗುಂಡಿ ಹಾಕಿಕೊಳ್ಳುತ್ತಾನೆಯೆ? ಓದಿದವನು ಹೀಗೆಲ್ಲ ಯೋಚಿಸಬಾರದು, ನಿಜ. ಹೊಸದಾಗಿ ಗೀಚಿಕೊಂಡು ಮತ್ತೆ ಲಿಂಗಸೂಗೂರಿಗೆ ಹೋದೆ. "ಈಗ ಬರೋಬ್ಬರಿ ಐತಿ. ಸೊಂಟದ ಪಟ್ಟಿ ಒಂದು ಕೆಂಪಿರಬೇಕಿತ್ತು," ಎಂದ ದರ್ಜಿ. ಅದನ್ನೂ ಮಾವನಿಗೆ ಹೇಳಿ ಗುಲ್ಬರ್ಗಾಕ್ಕೆ ಮರಳಿದೆ.

ಮೂರನೆಯ ರಜೆಯಲ್ಲಿ ಹೇಳದೆ ಕೇಳದೆ ಅಂಗಡಿಗೆ ಬಂದುಬಿಟ್ಟೆ. ಅಧಿಕಾರಿ ಮಾವನ ತೊಡೆಯ ಮೇಲೆ ಮಲಗಿದ್ದ. ಮಾವ ಕುಂಚದಿಂದ ಅವನ ಸೊಂಟಕ್ಕೆ ಕೆಂಪು ಹಚ್ಚುತ್ತ, "ಅಳ್ಳಾಡಬ್ಯಾಡ್ರೀ ಸಾಹೇಬ್ರ," ಎನ್ನುತ್ತಿದ್ದರು!

"ಮಾಮಾ! ಇದನ್ನ ನೀವು ಬರದ್ರೇನ್ರೀ?"

"ಮತ್ತ? ಅವನ ಫೋಟೋ ಎಲ್ಲೈತಿ? ಆಕಿ ಹೇಳಿದ್ದು ಬರದೆ, ನೀ ತಂದಿದ್ದು ತಿದ್ದಿದೆ."

ನನ್ನ ಸಂಶೋಧನೆಯೆಲ್ಲ ಆ ಕುಂಚದ ತುದಿಯಲ್ಲಿತ್ತು! ಸಿಟ್ಟು ಬಂತು. "ಅವ ಸುಬೇದಾರ ಅನ್ನಾಕ ದಾಖಲೆ ಏನೈತ್ರೀ? ಬರೇ ಸಿಪಾಯಿ ಇದ್ದಿರಬೇಕು."

"ಮಗಳ ಕಣ್ಣಿಗೆ ಯಾವ ಅಪ್ಪ ಸಿಪಾಯಿ ಇರ್ತಾನಲೇ?"

ಅಷ್ಟರಲ್ಲಿ ಮಸ್ಕಿಯ ಬಸ್ಸಿಳಿದು ಮುದುಕಿಯೇ ಬಂದಳು. ಚಿತ್ರವನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಮೂಗು ನಂದ ಐತಿ. ಆದ್ರ ತಮ್ಮಾ, ನಮ್ಮ ಮೊಮ್ಮಗ ಕಂಡಂಗ ಕಾಣ್ತಾನ. ಇವಗ ಯಪ್ಪಾ ಅನ್ನಾಕ ಬಾಯಿ ಬರವಲ್ದು."

ಮಾವನ ಮುಖ ಬಾಡಿತು. "ಏನ್ ಮಾಡೂದು ಅಳಿಯಾ?" ಎಂದು ನನ್ನತ್ತ ನೋಡಿದರು. ಲಿಂಗಸೂಗೂರಿನ ದರ್ಜಿಗೂ ಇದು ಗೊತ್ತಿರಲಾರದು. ನೋಟ್‌ಬುಕ್ಕು ಮುಚ್ಚಿದೆ.

"ಮೀಸಿ ಬೆಳ್ಳಗ ಮಾಡ್ರಿ ಮಾಮಾ," ಎಂದವನು ನಾನೇ!

ಮಾವ ಬಿಳಿ ಬಣ್ಣ ಕಲಸಿದರು. ಮೀಸೆ ನರೆಯಿತು, ಹುಬ್ಬು ನರೆಯಿತು, ಕಣ್ಣ ಕೆಳಗೆ ಎರಡು ಸುಕ್ಕು ಬಿದ್ದವು. ಎಂಬತ್ತು ವರ್ಷ ಒಂದು ಮಧ್ಯಾಹ್ನದಲ್ಲಿ ಸರಿದುಹೋಯಿತು. ಮುದುಕಿ ಬಗ್ಗಿ ನೋಡಿದಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು.

"ಯಪ್ಪಾ, ಉಂಡೇನು?"

ಚಿತ್ರದ ಮುದುಕ ಮೆಲ್ಲಗೆ ತಲೆಯಾಡಿಸಿದ. ನನಗೆ ಚೆನ್ನಾಗಿ ನೆನಪಿದೆ.